ಶುಗರೂ ಇದೆ, ಫಿಟ್ಸೂ ಇದೆ: ಬಾಳಸಂಗಾತಿಗೆ ಹಂತ ಹಂತವಾಗಿ

ಇನ್ಸುಲಿನ್ ತೆಗೆದುಕೊಳ್ಳುವವರು ಏನು ಮಾಡಬೇಕು, ಏನು ಮಾಡಬಾರದು ಅನ್ನುವ ಪುಸ್ತಿಕೆ ಶುಗರ್ ಡಾಕ್ಟರ ಬಳಿ ಸಿಗುತ್ತದೆ. ಫಿಟ್ಸ್ ಬಂದವರನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವ ಚಿತ್ರಪಟ ನರರೋಗ ವಿಭಾಗದ ಗೋಡೆಯ ಮೇಲಿರುತ್ತದೆ. ಎರಡೂ ಒಬ್ಬರಿಗೇ ಇದ್ದರೆ ಮನೆಯವರು ಏನು ಮಾಡಬೇಕು ಅನ್ನುವುದು ಎರಡರಲ್ಲೂ ಇರುವುದಿಲ್ಲ. ನಮ್ಮ ಮನೆಯವರಿಗೆ ಎರಡೂ ಇವೆ. ಹೊಸದಾಗಿ ಈ ಜವಾಬ್ದಾರಿ ಹೆಗಲಿಗೆ ಬಿದ್ದವರು ಯಾವುದನ್ನು ಮೊದಲು ಕಲಿಯಬೇಕು, ಆಮೇಲೆ ಯಾವುದನ್ನು ಅನ್ನುವ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ. ಎಷ್ಟು ಯೂನಿಟ್, ಯಾವ ಮಾತ್ರೆ ಅನ್ನುವುದು ನಿಮ್ಮ ಡಾಕ್ಟರು ಹೇಳಬೇಕಾದದ್ದು. ಅದನ್ನು ನಾನು ಹೇಳುವುದಿಲ್ಲ, ನೀವೂ ಇನ್ನೊಬ್ಬರ ಮಾತು ಕೇಳಿ ಬದಲಾಯಿಸಬೇಡಿ.

ಒಂದು ಮಾತನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಇಂಥ ಮನೆಯಲ್ಲಿ ಏನೇ ವ್ಯತ್ಯಾಸ ಕಂಡರೂ ಮೊದಲು ಕೇಳಬೇಕಾದದ್ದು ಒಂದೇ: ಈಗ ಶುಗರ್ ಎಷ್ಟಿದೆ? ತಲೆ ಸುತ್ತಿದರೂ, ಮಾತು ತಡವರಿಸಿದರೂ, ಫಿಟ್ಸ್ ಬಂದು ನಿಂತರೂ ಇದೇ ಪ್ರಶ್ನೆ. ಊಹೆ ಮಾಡಬೇಡಿ, ಬೆರಳು ಚುಚ್ಚಿ ನೋಡಿ.

ಹಂತ 1: ಎಲ್ಲ ಸರಿಯಿರುವ ದಿನ ಕೂತು ಮಾತಾಡಿ

ಶುಗರ್ ಇಳಿದಾಗ ಮಿದುಳಿಗೆ ಗ್ಲುಕೋಸ್ ಸಾಲುವುದಿಲ್ಲ. ಆಗ ಎಂಥ ಸೌಮ್ಯ ಮನುಷ್ಯನಿಗೂ ಸಿಟ್ಟು, ಹಟ ಬರುತ್ತದೆ. "ನಂಗೇನೂ ಆಗಿಲ್ಲ, ಸುಮ್ನಿರು" ಅನ್ನುವ ಮಾತನ್ನು ಇಂಥ ಎಷ್ಟೋ ಮನೆಗಳಲ್ಲಿ ಕೇಳಬಹುದು. ಆ ಹೊತ್ತಿನಲ್ಲಿ ವಾದಕ್ಕಿಳಿದು ಪ್ರಯೋಜನವಿಲ್ಲ. ಹಾಗಾಗಿ ಒಪ್ಪಂದ ಮೊದಲೇ ಆಗಿರಬೇಕು. ನಮ್ಮಿಬ್ಬರ ನಡುವೆ ಇರುವುದು ಹೀಗೆ: "ಒಂದ್ಸಲ ನೋಡಿಬಿಡೋಣ" ಅಂತ ನಾನು ಅಂದರೆ ಅವರು ಮಾತಿಲ್ಲದೆ ಬೆರಳು ಕೊಡಬೇಕು. ಮೀಟರಿನಲ್ಲಿ ಸರಿಯಿದೆ ಅಂತ ಬಂದರೆ ನಾನು ಮತ್ತೆ ಆ ವಿಷಯ ಎತ್ತಬಾರದು. ಎರಡನೆಯದು ಮೊದಲನೆಯದರಷ್ಟೇ ಮುಖ್ಯ. ಅದು ತಪ್ಪಿದರೆ ಬೆರಳು ಕೊಡುವುದೂ ನಿಲ್ಲುತ್ತದೆ.

ಯಾವ ಕೆಲಸ ಯಾರದು ಅನ್ನುವುದನ್ನೂ ಅಂದೇ ತೀರ್ಮಾನಿಸಿ. ಕೈಲಾಗುವವರೆಗೆ ಇನ್ಸುಲಿನ್ನನ್ನು ಅವರೇ ಹಾಕಿಕೊಳ್ಳಲಿ, ಮಾತ್ರೆ ಡಬ್ಬಿ ಅವರೇ ತುಂಬಿಕೊಳ್ಳಲಿ. ನೀವು ಎರಡನೆಯ ಕಣ್ಣಾಗಿದ್ದರೆ ಸಾಕು. ನೆಂಟರ ಮುಂದೆ ತಟ್ಟೆ ನೋಡಿ "ಅದನ್ನ ತಿನ್ಬೇಡಿ" ಅನ್ನುವುದು, ಮದುವೆ ಮನೆಯಲ್ಲಿ ಜಹಾಂಗೀರ್ ಕಸಿದುಕೊಳ್ಳುವುದು ಯಾವ ಆರೈಕೆಯೂ ಅಲ್ಲ. ಕಾಯಿಲೆಯ ವಿಷಯ ಯಾರಿಗೆ ಹೇಳಬೇಕು ಅನ್ನುವ ತೀರ್ಮಾನವೂ ಅವರದೇ. ಆದರೆ ಆಫೀಸಿನಲ್ಲಿ ಒಬ್ಬರಿಗಾದರೂ, ಪಕ್ಕದ ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಲಿ ಅಂತ ಒಪ್ಪಿಸಿ.

ಹಂತ 2: ಎರಡು ಕಾಯಿಲೆಗಳು ಎಲ್ಲಿ ಕೂಡುತ್ತವೆ, ತಿಳಿದುಕೊಳ್ಳಿ

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮೂರು ಬಗೆಯಲ್ಲಿ ಫಿಟ್ಸ್ ಬರಬಹುದು. ಶುಗರ್ ತೀರಾ ಇಳಿದು ಬರುವುದು ಒಂದು. ಶುಗರ್ ಹಲವು ದಿನ ವಿಪರೀತ ಏರಿ, ಮೈಯಲ್ಲಿ ನೀರು ಆರಿ ಬರುವುದು ಇನ್ನೊಂದು. ಇದರಲ್ಲಿ ಕೆಲವೊಮ್ಮೆ ಒಂದು ಕೈಯೋ ಮುಖದ ಒಂದು ಬದಿಯೋ ಮಾತ್ರ ಅದುರುತ್ತದೆ. ಶುಗರಿಗೆ ಸಂಬಂಧವೇ ಇಲ್ಲದೆ, ಮೂರ್ಛೆ ರೋಗದಿಂದಲೇ ಬರುವುದು ಮೂರನೆಯದು. ಹೊರಗಿನಿಂದ ನೋಡಿದರೆ ಇವು ಒಂದೇ ಥರ ಕಾಣಬಹುದು, ಆದರೆ ಚಿಕಿತ್ಸೆ ಬೇರೆ ಬೇರೆ. ಶುಗರ್ ಇಳಿದು ಬಂದ ಫಿಟ್ಸಿಗೆ ಫಿಟ್ಸಿನ ಮದ್ದು ಎಷ್ಟು ಕೊಟ್ಟರೂ ಮೂಲ ಸರಿಯಾಗುವುದಿಲ್ಲ, ಶುಗರನ್ನೇ ಮೇಲೆತ್ತಬೇಕು.

ಗೊಂದಲ ಹೆಚ್ಚಾಗುವುದು ಸಣ್ಣ ಫಿಟ್ಸಿನಲ್ಲಿ. ಮನುಷ್ಯ ಕೂತಲ್ಲೇ ಶೂನ್ಯ ನೋಡುತ್ತಾನೆ, ತುಟಿ ಚಪ್ಪರಿಸುತ್ತಾನೆ, ಅಂಗಿಯ ಗುಂಡಿ ಎಳೆಯುತ್ತಾನೆ, ಕರೆದರೆ ಓಗೊಡುವುದಿಲ್ಲ. ಲೋ ಶುಗರಿನಲ್ಲೂ ಹೆಚ್ಚುಕಡಿಮೆ ಹೀಗೇ. ಸಾಮಾನ್ಯವಾಗಿ ಫಿಟ್ಸ್ ತಟ್ಟನೆ ಶುರುವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿ ಮುಗಿಯುತ್ತದೆ. ಲೋ ಶುಗರಿನ ಲಕ್ಷಣಗಳು ನಿಧಾನವಾಗಿ ಹೆಚ್ಚುತ್ತವೆ: ಬೆವರು, ಕೈನಡುಕ, ಹಸಿವು, ಎದೆ ಬಡಿತ, ಆಮೇಲೆ ಮಂಕು. ಸಿಹಿ ಹೊಟ್ಟೆಗೆ ಹೋಗುವವರೆಗೆ ಅದು ಬಿಡುವುದೂ ಇಲ್ಲ. ಈ ವ್ಯತ್ಯಾಸ ತಿಳಿದಿದ್ದರೆ ಒಳ್ಳೆಯದು. ಆದರೆ ಇದನ್ನೇ ನಂಬಿ ಕೂರಬೇಡಿ, ಮೀಟರ್ ತೆಗೆಯಿರಿ.

ಹಂತ 3: ಗ್ಲುಕೋಮೀಟರನ್ನು ಮೊದಲು ನಿಮ್ಮ ಬೆರಳಿನ ಮೇಲೆ ಕಲಿಯಿರಿ

ಗಾಬರಿಯಲ್ಲಿ ಸ್ಟ್ರಿಪ್ ತಿರುಗುಮುರುಗಾಗಿ ತೂರಿಸುವುದು, ರಕ್ತ ಸಾಲದೆ ಮೀಟರ್ ತಪ್ಪು ತೋರಿಸುವುದು ಸಹಜ. ಆರಾಮಾಗಿರುವಾಗ ನಿಮ್ಮ ಬೆರಳಿನ ಮೇಲೇ ನಾಲ್ಕಾರು ಸಲ ಮಾಡಿ ನೋಡಿ. ಬೆರಳ ತುದಿಯ ನಡುವೆ ಚುಚ್ಚಿದರೆ ನೋವು ಹೆಚ್ಚು, ಪಕ್ಕದಲ್ಲಿ ಚುಚ್ಚಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಡಬೇಡಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಬೇಗ ಕೆಡುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಗ್ಲುಕೋಸ್ ಪುಡಿ ಕಲಸಿದ ಕೈಯಿಂದಲೋ, ಮಾವಿನ ಹಣ್ಣು ತಿಂದ ಬೆರಳಿನಿಂದಲೋ ರಕ್ತ ತೆಗೆದರೆ ಮೀಟರ್ 300 ತೋರಿಸಬಹುದು, ಒಳಗೆ ನಿಜವಾಗಿ ಇರುವುದು 60 ಆಗಿರಬಹುದು. ಬೆರಳನ್ನು ಬರೀ ನೀರಿನಲ್ಲಿ ತೊಳೆದು ಒರೆಸಿ ಚುಚ್ಚಿ. ನೀರು ಹತ್ತಿರ ಇಲ್ಲದಿದ್ದರೆ ಮೊದಲ ಹನಿ ಒರೆಸಿ ಎರಡನೆಯ ಹನಿ ತೆಗೆದುಕೊಳ್ಳಿ. ಮೀಟರಿನ ಸಂಖ್ಯೆ ಕಣ್ಣಿಗೆ ಕಾಣುವ ಸ್ಥಿತಿಗೆ ಹೊಂದದಿದ್ದರೆ ಇನ್ನೊಮ್ಮೆ ನೋಡಿ.

ತೋಳಿಗೆ ಅಂಟಿಸುವ ಸೆನ್ಸರ್ ಕೊಳ್ಳಲು ಅನುಕೂಲವಿದ್ದರೆ ಡಾಕ್ಟರನ್ನು ಕೇಳಿ. ಶುಗರ್ ಇಳಿಯುತ್ತಿದೆ ಅಂತ ಮೊದಲೇ ಎಚ್ಚರಿಸುವ ಮಾದರಿಗಳಿವೆ. ದುಬಾರಿ, ಆದರೆ ಫಿಟ್ಸೂ ಇರುವವರಿಗೆ ಅದರ ಉಪಯೋಗ ಬೇರೆಯವರಿಗಿಂತ ಹೆಚ್ಚು.

ಹಂತ 4: ಇನ್ಸುಲಿನ್ ಬಾಟಲಿಯ ಮೇಲಿನ ಅಕ್ಷರ ಓದಿ

ನಮ್ಮ ದೇಶದಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಸಾಂದ್ರತೆಯಲ್ಲಿ ಬರುತ್ತದೆ. ಸಾಮಾನ್ಯ ಬಾಟಲಿಯಲ್ಲಿ ಒಂದು ಎಂ.ಎಲ್‌ಗೆ 40 ಯೂನಿಟ್. ಪೆನ್ನಿಗೆ ಹಾಕುವ ಕಾರ್ಟ್ರಿಜ್ಜಿನಲ್ಲಿ 100 ಯೂನಿಟ್. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ಪೆನ್ ಕೆಟ್ಟಿದೆ ಅಂತ ಕಾರ್ಟ್ರಿಜ್ಜಿನಿಂದ ಕೆಂಪು ಮುಚ್ಚಳದ ಸಿರಿಂಜಿಗೆ 10ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್, ಎರಡೂವರೆ ಪಟ್ಟು. ಫಿಟ್ಸ್ ಇರುವವರಿಗೆ ಇದಕ್ಕಿಂತ ಅಪಾಯ ಬೇರೆ ಬೇಕಿಲ್ಲ. ಮೆಡಿಕಲ್ ಶಾಪಿನಲ್ಲಿ ಕೊಳ್ಳುವಾಗಲೇ ಬಾಟಲಿಯನ್ನೂ ಸಿರಿಂಜನ್ನೂ ಪಕ್ಕಪಕ್ಕ ಇಟ್ಟು ಎರಡರ ಸಂಖ್ಯೆ ಒಂದೇ ಇದೆಯಾ ನೋಡಿ.

ಹಾಲಿನಂತೆ ಬೆಳ್ಳಗಿರುವ ಮಿಶ್ರ ಇನ್ಸುಲಿನ್ನನ್ನು ಹಾಕುವ ಮುನ್ನ ಎರಡು ಅಂಗೈ ನಡುವೆ ನಿಧಾನವಾಗಿ ಉರುಳಿಸಬೇಕು, ಕುಲುಕಬಾರದು. ಹಳೆಯ ಮಾದರಿಯ ಇನ್ಸುಲಿನ್ನಿಗೆ ಊಟಕ್ಕೆ ಅರ್ಧ ಗಂಟೆ ಮುಂಚೆ ಅನ್ನುತ್ತಾರೆ, ಬೇಗ ಕೆಲಸ ಮಾಡುವ ಹೊಸ ಬಗೆಗೆ ಊಟ ಎದುರಿಗಿರುವಾಗ. ನಿಮ್ಮದು ಯಾವುದು ಕೇಳಿಟ್ಟುಕೊಳ್ಳಿ. ಚುಚ್ಚಿ ಆಯಿತು, ಅಷ್ಟರಲ್ಲಿ ಬಾಗಿಲಿಗೆ ಯಾರೋ ಬಂದರು, ಊಟ ಒಂದು ಗಂಟೆ ತಡವಾಯಿತು ಅನ್ನುವುದೇ ಎಷ್ಟೋ ಲೋ ಶುಗರಿಗೆ ಕಾರಣ. ತಟ್ಟೆಗೆ ಬಡಿಸುವ ಹೊತ್ತಿನ ಲೆಕ್ಕ ಸಂಗಾತಿಯ ಕೈಯಲ್ಲಿರುತ್ತದೆ, ಅದನ್ನು ತಪ್ಪಿಸಬೇಡಿ.

ಹೊಟ್ಟೆಯ ಒಂದೇ ಜಾಗಕ್ಕೆ ದಿನಾ ಚುಚ್ಚಿದರೆ ಅಲ್ಲಿ ಗಂಟು ಕಟ್ಟುತ್ತದೆ. ಗಂಟಿನೊಳಗೆ ಹೋದ ಇನ್ಸುಲಿನ್ ಒಂದು ದಿನ ಕೆಲಸ ಮಾಡುವುದಿಲ್ಲ, ಇನ್ನೊಂದು ದಿನ ಹೆಚ್ಚಾಗಿ ಮಾಡುತ್ತದೆ. ಆಗಾಗ ಬೆರಳಿನಿಂದ ತಡವಿ ನೋಡಿ, ಗಟ್ಟಿಯಾಗಿದ್ದರೆ ಜಾಗ ಬದಲಿಸಲು ಹೇಳಿ. ಗಂಟಿನ ಜಾಗ ಬಿಟ್ಟು ಒಳ್ಳೆಯ ಚರ್ಮಕ್ಕೆ ಹಾಕಿದ ಕೂಡಲೇ ಅದೇ ಯೂನಿಟ್ ಜೋರಾಗಿ ಕೆಲಸ ಮಾಡಬಹುದು, ಹಾಗಾಗಿ ಬದಲಿಸುವ ಮುನ್ನ ಡಾಕ್ಟರಿಗೊಂದು ಮಾತು.

ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಐಸ್ ಕಟ್ಟುವ ಖಾನೆಯಿಂದ ದೂರ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಬಿಸಾಡಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕರೆಂಟು ಹೋದರೆ ನೀರು ತುಂಬಿದ ಮಣ್ಣಿನ ಮಡಕೆಯೊಳಗೆ, ಇನ್ಸುಲಿನ್ ಒದ್ದೆಯಾಗದಂತೆ ಡಬ್ಬಿಯಲ್ಲಿಟ್ಟು ಕಾಪಾಡಬಹುದು.

ಹಂತ 5: ಲೋ ಆದಾಗ ಹದಿನೈದರ ನಿಯಮ

ಶುಗರ್ 70ಕ್ಕಿಂತ ಕೆಳಗೆ ಬಂದರೆ ಲೋ. 54ಕ್ಕಿಂತ ಕೆಳಗಿದ್ದರೆ ಅಪಾಯ. ಎಚ್ಚರವಿದ್ದು, ನುಂಗಲು ಬರುತ್ತಿದ್ದರೆ 15 ಗ್ರಾಂ ಸಿಹಿ ಕೊಡಿ: ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ. 70 ದಾಟಿದ ಮೇಲೆ, ಊಟಕ್ಕೆ ಇನ್ನೂ ಹೊತ್ತಿದ್ದರೆ ಒಂದು ಚಪಾತಿಯೋ ನಾಲ್ಕು ಬಿಸ್ಕತ್ತೋ ತಿನ್ನಲಿ. ಮೈಸೂರು ಪಾಕು, ಚಾಕೊಲೇಟು ಈ ಹೊತ್ತಿಗೆ ಆಗದು, ಅವುಗಳ ಜಿಡ್ಡು ಸಕ್ಕರೆ ರಕ್ತಕ್ಕೆ ಇಳಿಯುವುದನ್ನು ತಡಮಾಡುತ್ತದೆ.

ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆಯೂ ಇದ್ದರೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಗ್ಲುಕೋಸ್ ಪುಡಿಯೇ ಬೇಕು. ಚೀಟಿಯಲ್ಲಿ ಈ ಹೆಸರುಗಳಿವೆಯಾ ಇವತ್ತೇ ನೋಡಿ. ಮಂಚದ ಪಕ್ಕ, ಅವರ ಚೀಲ, ನಿಮ್ಮ ಚೀಲ, ಗಾಡಿಯ ಡಿಕ್ಕಿ, ಎಲ್ಲ ಕಡೆ ಗ್ಲುಕೋಸ್ ಪೊಟ್ಟಣ ಇರಲಿ.

ಮತ್ತೆ ಮತ್ತೆ ಲೋ ಆಗುವವರಿಗೆ ಬೆವರು, ನಡುಕದ ಮುನ್ಸೂಚನೆಯೇ ನಿಂತುಹೋಗುತ್ತದೆ. ಅವರು ನೇರವಾಗಿ ಮಂಕಿಗೆ, ಫಿಟ್ಸಿಗೆ ಜಾರುತ್ತಾರೆ. ಕೆಲವು ವಾರ ಲೋ ಆಗದಂತೆ ಕಾದರೆ ಮುನ್ಸೂಚನೆ ಬಹಳಷ್ಟು ಮಂದಿಗೆ ಮರಳುತ್ತದೆ. "ನನಗೆ ಗೊತ್ತೇ ಆಗ್ಲಿಲ್ಲ" ಅಂತ ಅವರು ಅಂದ ದಿನವೇ ಡಾಕ್ಟರಿಗೆ ಫೋನ್ ಮಾಡಿ, ಮುಂದಿನ ಭೇಟಿಗೆ ಕಾಯಬೇಡಿ.

ಹಂತ 6: ಫಿಟ್ಸ್ ಬಂದಾಗ

ಮೊದಲು ಗಡಿಯಾರ ನೋಡಿ. ಹತ್ತು ನಿಮಿಷ ಅನ್ನಿಸುವುದು ನಿಜವಾಗಿ ಒಂದೂವರೆ ನಿಮಿಷ ಇರಬಹುದು, ಆ ಹೊತ್ತಿನ ಅಂದಾಜು ನಂಬಬಾರದು. ತಲೆಯ ಕೆಳಗೆ ಮೆತ್ತಗಿನದು ಏನಾದರೂ ತೂರಿಸಿ, ಕನ್ನಡಕ ತೆಗೆಯಿರಿ, ಕುತ್ತಿಗೆಯ ಗುಂಡಿ ಬಿಚ್ಚಿ, ಬಡಿಯಬಹುದಾದ ಕುರ್ಚಿ, ಸ್ಟೂಲು ದೂರ ಸರಿಸಿ. ಆದಷ್ಟು ಬೇಗ ಪಕ್ಕಕ್ಕೆ ಹೊರಳಿಸಿ. ಜೊಲ್ಲು, ವಾಂತಿ ಹೊರಗೆ ಹರಿಯಲಿ.

ಸುತ್ತ ಜನ ಸೇರಿದರೆ ಯಾರೋ ಬೀಗದ ಕೈ ತರುತ್ತಾರೆ, ಯಾರೋ ಈರುಳ್ಳಿ ಮೂಗಿಗೆ ಹಿಡಿಯುತ್ತಾರೆ, ಯಾರೋ ಹಲ್ಲಿನ ನಡುವೆ ಚಮಚ ಇಡಲು ಬರುತ್ತಾರೆ. ಅವರ ಮನಸ್ಸು ಒಳ್ಳೆಯದೇ. "ಇವರದ್ದು ನಂಗೆ ಗೊತ್ತು, ಸ್ವಲ್ಪ ಗಾಳಿ ಬಿಡಿ" ಅಂತ ಗಟ್ಟಿಯಾಗಿ ಹೇಳಿ. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುವುದಿಲ್ಲ. ಚಮಚ ಇಟ್ಟರೆ ಹಲ್ಲು ಮುರಿಯುತ್ತದೆ. ಕೈಕಾಲು ಅದುಮಿ ಹಿಡಿದರೆ ಪೆಟ್ಟಾಗುತ್ತದೆ.

ನಮ್ಮಂಥ ಮನೆಯವರಿಗೆ ದೊಡ್ಡ ಆಸೆ ಹುಟ್ಟುವುದು ಇಲ್ಲೇ: ಶುಗರ್ ಇಳಿದಿರಬೇಕು, ಬಾಯಿಗೆ ಎರಡು ಚಮಚ ಗ್ಲುಕೋಸ್ ನೀರು ಬಿಟ್ಟುಬಿಡೋಣ. ಬಿಡಬೇಡಿ. ಎಚ್ಚರವಿಲ್ಲದವರ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ನೀರು ಬೇಡ, ಮಾತ್ರೆ ಬೇಡ, ಸಿಹಿಯೂ ಬೇಡ.

ಅದುರುವುದು ಕಡಿಮೆಯಾದ ಕೂಡಲೇ ಬೆರಳು ಚುಚ್ಚಿ. ಬೇಗ ಯಾಕೆಂದರೆ, ಫಿಟ್ಸಿನ ಆಯಾಸಕ್ಕೆ ಮೈಯಲ್ಲಿ ಉಕ್ಕುವ ಹಾರ್ಮೋನುಗಳು ಶುಗರನ್ನು ತಾವೇ ಮೇಲಕ್ಕೆ ತಳ್ಳುತ್ತವೆ. ಅರ್ಧ ಗಂಟೆಯ ಮೇಲೆ ನೋಡಿ 130 ಬಂದರೆ ಫಿಟ್ಸ್ ಹೊತ್ತಿನಲ್ಲಿ ಲೋ ಇರಲಿಲ್ಲ ಅಂತ ಹೇಳಲಾಗುವುದಿಲ್ಲ. ಅದೇ ಕಾರಣಕ್ಕೆ, ಫಿಟ್ಸ್ ಆದ ಮೇಲೆ 250 ತೋರಿಸಿದರೂ ನೀವಾಗಿ ಇನ್ಸುಲಿನ್ ಹಾಕಬೇಡಿ. ಅದು ತಾನಾಗಿ ಇಳಿಯಬಹುದು.

ಶುಗರ್ 70ಕ್ಕಿಂತ ಕಡಿಮೆಯಿದ್ದು ಎಚ್ಚರ ಬಾರದಿದ್ದರೆ ಗ್ಲುಕಗಾನ್ ಇಂಜೆಕ್ಷನ್. ಇದು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ. ಪುಡಿ ಮತ್ತು ದ್ರವ ಬೇರೆ ಬೇರೆ ಇರುವ ಕಿಟ್ಟಾದರೆ ಬೆರೆಸಿ ತೊಡೆಗೆ ಚುಚ್ಚಬೇಕು. ಹೇಗೆ ಅನ್ನುವುದನ್ನು ಡಾಕ್ಟರ ಎದುರಿಗೇ ಕಲಿತಿರಬೇಕು. ಹತ್ತು ಹದಿನೈದು ನಿಮಿಷದಲ್ಲಿ ಎಚ್ಚರ ಬರುತ್ತದೆ, ವಾಂತಿಯೂ ಆಗಬಹುದು, ಹಾಗಾಗಿ ಪಕ್ಕಕ್ಕೇ ಮಲಗಿಸಿರಿ. ಕುಡಿದವರಿಗೆ, ಬಹಳ ಹೊತ್ತು ಉಪವಾಸವಿದ್ದವರಿಗೆ ಇದು ಸರಿಯಾಗಿ ನಾಟುವುದಿಲ್ಲ. ಸಣ್ಣ ಊರುಗಳಲ್ಲಿ ಸುಲಭವಾಗಿ ಸಿಗದ ಔಷಧಿ ಇದು, ಮೊದಲೇ ಹೇಳಿ ತರಿಸಿಡಿ. ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇಯನ್ನು ನರರೋಗ ತಜ್ಞರು ಬರೆದುಕೊಟ್ಟಿದ್ದರೆ, ಎಷ್ಟು ನಿಮಿಷಕ್ಕೆ, ಎಷ್ಟು ಸಲ ಅನ್ನುವುದನ್ನು ಅದರ ಡಬ್ಬಿಯ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆದಿಡಿ.

108ಕ್ಕೆ ಯಾವಾಗ ಫೋನ್ ಮಾಡಬೇಕು? ಮೂರ್ಛೆ ರೋಗ ಒಂದೇ ಇದ್ದವರಿಗೆ ಫಿಟ್ಸ್ 5 ನಿಮಿಷ ದಾಟಿದರೆ ಅನ್ನುವ ಲೆಕ್ಕ ಹೇಳುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದೊಂದೇ ಸಾಲದು. ಶುಗರ್ ಕಡಿಮೆಯಿದ್ದು ಎಚ್ಚರವಿಲ್ಲದಿದ್ದರೆ, ಮೀಟರ್ ಕೈಗೆ ಸಿಗದಿದ್ದರೆ, ಎಚ್ಚರ ಬರುವ ಮೊದಲೇ ಮತ್ತೊಂದು ಫಿಟ್ಸ್ ಬಂದರೆ, ಉಸಿರಾಟ ಸರಿಯಿಲ್ಲದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಬಸುರಿಯಾಗಿದ್ದರೆ, ಇದು ಜೀವನದ ಮೊದಲ ಫಿಟ್ಸಾಗಿದ್ದರೆ ಕೂಡಲೇ ಕರೆಯಿರಿ. "ಇನ್ಸುಲಿನ್ ತಗೋತಾರೆ, ಫಿಟ್ಸ್ ಬಂದಿದೆ, ಶುಗರ್ ಇಷ್ಟಿದೆ" ಅಂತ ಒಂದೇ ಉಸಿರಿಗೆ ಹೇಳಿ.

ಹಂತ 7: ಒಂದೇ ನೋಟ್‌ಬುಕ್

ಶುಗರಿಗೊಂದು, ಫಿಟ್ಸಿಗೊಂದು ಅಂತ ಬೇರೆ ಬೇರೆ ಬರೆಯಬೇಡಿ. ದಿನಾಂಕ, ಹೊತ್ತು, ಹಾಕಿದ ಯೂನಿಟ್, ಉಂಡ ಹೊತ್ತು, ಮಾತ್ರೆ ತಪ್ಪಿತಾ, ನಿದ್ದೆ ಎಷ್ಟು, ಫಿಟ್ಸ್ ಎಷ್ಟು ನಿಮಿಷ, ನಿಂತ ಕೂಡಲೇ ಶುಗರ್ ಎಷ್ಟು, ಎಲ್ಲ ಒಂದೇ ಸಾಲಿನಲ್ಲಿರಲಿ. ಫಿಟ್ಸೆಲ್ಲ ಬೆಳಗಿನ ಜಾವವೇ ಬರುತ್ತಿವೆ, ಆಗ ಶುಗರ್ 50ರ ಆಸುಪಾಸು ಇದೆ ಅಂತ ಕಂಡರೆ ಬದಲಾಗಬೇಕಾದದ್ದು ರಾತ್ರಿಯ ಇನ್ಸುಲಿನ್ ಇರಬಹುದು, ಫಿಟ್ಸಿನ ಮಾತ್ರೆ ಅಲ್ಲ. ಇಂಥದ್ದು ಒಟ್ಟಿಗೆ ಬರೆದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಸಾಧ್ಯವಾದರೆ ಫಿಟ್ಸಿನ ವಿಡಿಯೋ ತೆಗೆಯಿರಿ, ಅದಕ್ಕೂ ಅವರ ಒಪ್ಪಿಗೆ ಮೊದಲೇ ಕೇಳಿರಿ.

ಹಂತ 8: ರಾತ್ರಿ

ನಿದ್ದೆಯಲ್ಲಿ ಲೋ ಆದರೆ ಅವರಿಗೆ ತಿಳಿಯುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ತಿಳಿಯುತ್ತದೆ. ತಲೆದಿಂಬು ಒದ್ದೆಯಾಗುವಷ್ಟು ಬೆವರು, ಕೆಟ್ಟ ಕನಸಿನ ಕನವರಿಕೆ, ಬೆಳಿಗ್ಗೆ ತಲೆನೋವು, ಇವು ಕುರುಹು. ಡೋಸ್ ಬದಲಾದ ವಾರ, ಹೊಲದಲ್ಲಿ ಮೈಮುರಿದು ದುಡಿದ ದಿನ, ಕುಡಿದ ದಿನ, ರಾತ್ರಿ ಎರಡು ಮೂರು ಗಂಟೆಯ ಹೊತ್ತಿಗೆ ಒಂದು ಸಲ ಎದ್ದು ನೋಡಿ. ದಿನಾ ಬೇಡ. ದಿನಾ ಅಲಾರಾಂ ಇಟ್ಟರೆ ನೀವು ಬಹಳ ಕಾಲ ತಡೆಯಲಾರಿರಿ, ಮತ್ತು ನಿದ್ದೆಗೆಡುವುದು ಅವರಿಗೂ ಫಿಟ್ಸಿಗೆ ದಾರಿ.

ಹಂತ 9: ಬೇರೆ ಮಾತ್ರೆಗಳ ಮೇಲೆ ಕಣ್ಣಿಡಿ

ಫಿಟ್ಸಿನ ಮಾತ್ರೆ ತಪ್ಪಿಸುವುದೇ ಫಿಟ್ಸ್ ಮರಳಲು ದೊಡ್ಡ ಕಾರಣ. ಡಬ್ಬಿ ಖಾಲಿಯಾಗುವ ಒಂದು ವಾರ ಮೊದಲೇ ತರಿಸಿ. ಫೆನಿಟಾಯಿನ್ ಶುಗರ್ ಏರಿಸಬಹುದು, ವಾಲ್ಪ್ರೊಯೇಟ್ ತೂಕ ಹೆಚ್ಚಿಸಬಹುದು. ಹಾಗಂತ ನಿಲ್ಲಿಸುವುದಲ್ಲ, ಡಾಕ್ಟರಿಗೆ ತಿಳಿಸುವುದು. ಕಾಯಿಲೆ ಹೆಂಡತಿಗಿದ್ದು ಮಗುವಿನ ಯೋಚನೆಯಿದ್ದರೆ ಬಸುರಾಗುವ ಮೊದಲೇ ಎರಡೂ ತಜ್ಞರನ್ನು ಕಾಣಿ. ವಾಲ್ಪ್ರೊಯೇಟ್ ಹೊಟ್ಟೆಯಲ್ಲಿನ ಮಗುವಿಗೆ ಹಾನಿ ಮಾಡಬಲ್ಲದು.

ಜ್ವರಕ್ಕೋ ಮೂತ್ರದ ಉರಿಗೋ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸಿಪ್ರೊಫ್ಲೊಕ್ಸಾಸಿನ್, ಲಿವೊಫ್ಲೊಕ್ಸಾಸಿನ್ ಶುಗರನ್ನೂ ಅಲ್ಲಾಡಿಸುತ್ತವೆ, ಫಿಟ್ಸನ್ನೂ ಕೆಣಕುತ್ತವೆ. ನೋವಿನ ಟ್ರಮಡಾಲ್ ಕೂಡ ಹಾಗೇ. ಪ್ರೊಪ್ರನೊಲಾಲ್ ಥರದ ಮಾತ್ರೆ ಲೋ ಶುಗರಿನ ಎದೆಬಡಿತ, ನಡುಕವನ್ನು ಮುಚ್ಚಿಬಿಡುತ್ತದೆ, ಬೆವರು ಮಾತ್ರ ಉಳಿಯುತ್ತದೆ. ಯಾವ ಡಾಕ್ಟರ ಮುಂದೆ ಕೂತರೂ, ಹಲ್ಲಿನವರಾದರೂ, ಎರಡೂ ಕಾಯಿಲೆಯ ಹೆಸರು ಹೇಳಿ.

ಹಂತ 10: ಉಪವಾಸ, ಜಾಗರಣೆ, ಜ್ವರ

ಶಿವರಾತ್ರಿಯ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಹಗಲು ಉಪವಾಸ ಶುಗರ್ ಇಳಿಸುತ್ತದೆ, ರಾತ್ರಿ ಜಾಗರಣೆ ಫಿಟ್ಸ್ ಕರೆಯುತ್ತದೆ. ಎರಡೂ ಒಂದೇ ದಿನ ಬರುವ ಹಬ್ಬ ಇದು. ಮನೆಯ ಹಿರಿಯರಿಗೆ ಬೇಸರವಾಗದಂತೆ, ಪೂಜೆಯಲ್ಲಿ ಕೂರಿಸಿ, ಹೊತ್ತಿಗೆ ಊಟ ಹಾಕಿ, ಹೊತ್ತಿಗೆ ಮಲಗಿಸಿ. "ಅಮ್ಮಾ, ಇವರಿಗೆ ಊಟವೇ ವ್ರತ ಅಂದ್ಕೊಳ್ಳಿ" ಅಂತ ಅತ್ತೆಗೆ ಮೊದಲೇ ಹೇಳಿಟ್ಟರೆ ಅವರೇ ಬೆಂಬಲಕ್ಕೆ ನಿಲ್ಲುತ್ತಾರೆ. ರಂಜಾನ್ ಉಪವಾಸ ಹಿಡಿಯುವವರು ತಿಂಗಳು ಮೊದಲೇ ಡಾಕ್ಟರನ್ನು ಕಾಣಬೇಕು. ಹಿಡಿದ ಮೇಲೆ ಶುಗರ್ 70ಕ್ಕಿಂತ ಇಳಿದರೆ, 300 ದಾಟಿದರೆ ಆ ಕ್ಷಣವೇ ಮುರಿಯಬೇಕು. ಬೆರಳು ಚುಚ್ಚುವುದರಿಂದ ಉಪವಾಸ ಮುರಿಯುವುದಿಲ್ಲ ಅಂತ ಧರ್ಮದ ವಿದ್ವಾಂಸರೂ ಹೇಳುತ್ತಾರೆ.

ಜ್ವರ ಬಂದಾಗ ಏನೂ ತಿನ್ನದಿದ್ದರೂ ಶುಗರ್ ಏರಬಹುದು. ಹಾಗಾಗಿ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು, ಡೋಸನ್ನು ಫೋನಿನಲ್ಲಿ ಕೇಳಿ. ನಾಲ್ಕು ಗಂಟೆಗೊಮ್ಮೆ ನೋಡಿ. ವಾಂತಿ ನಿಲ್ಲದಿದ್ದರೆ ಇನ್ಸುಲಿನ್ ಹೊಂದಿಸುವುದೂ ಕಷ್ಟ, ಫಿಟ್ಸಿನ ಮಾತ್ರೆಯೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಆಸ್ಪತ್ರೆಗೇ ಹೋಗಿ.

ಹಂತ 11: ಬಚ್ಚಲು, ಒಲೆ, ಗಾಡಿ

ಬಚ್ಚಲಿನ ಚಿಲಕ ಹಾಕದಿರಲಿ, ಬಾಗಿಲು ಮುಂದೆ ಮಾಡಿಕೊಂಡರೆ ಸಾಕು. ಕುದಿಯುವ ಹಂಡೆಯ ಪಕ್ಕ ಒಬ್ಬರೇ ಬೇಡ. ಕೆರೆ, ಬಾವಿಗೆ ಜೊತೆಯಿಲ್ಲದೆ ಇಳಿಯುವುದು ಬೇಡ. ಗಾಡಿಯ ವಿಷಯ ಮನೆಯಲ್ಲಿ ಜಗಳಕ್ಕೆ ಬರುತ್ತದೆ, ಗೊತ್ತು. ಲೈಸೆನ್ಸ್ ಅರ್ಜಿಯ ಜೊತೆ ಕೊಡುವ ಸ್ವಯಂ ಘೋಷಣೆಯಲ್ಲೇ ಮೂರ್ಛೆ ರೋಗವಿದೆಯಾ ಅನ್ನುವ ಪ್ರಶ್ನೆಯಿದೆ. ಅದಕ್ಕೆ ಸುಳ್ಳು ಬರೆಯಬೇಡಿ. ಓಡಾಟಕ್ಕೆ ಬಸ್ಸು, ಆಟೋ, ನಿಮ್ಮ ಸ್ಕೂಟರಿನ ಹಿಂದಿನ ಸೀಟು ಇದೆ.

ಹಂತ 12: ನಿಮ್ಮ ಪಾಲು

ಮೂರ್ಛೆ ರೋಗ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗಿತ್ತು, ಆ ಮಾತನ್ನು 1999ರಲ್ಲಿ ತೆಗೆದುಹಾಕಿದರು. ಊರಿನ ಬಾಯಿ ಅಷ್ಟು ಬೇಗ ಬದಲಾಗಿಲ್ಲ. "ಪಾಪ, ನಿನಗೆ ಹೀಗಾಯ್ತಲ್ಲ" ಅನ್ನುವವರಿಗೆ ಉತ್ತರ ಕೊಡುವ ಹೊಣೆ ನಿಮಗಿಲ್ಲ. ಅವರ ಎದುರಿಗೆ ಸಂಗಾತಿ ಕುಗ್ಗದಂತೆ ನಿಲ್ಲುವ ಹೊಣೆ ಇದೆ. ಫಿಟ್ಸ್ ಕಳೆದ ಮೇಲೆ ಬಟ್ಟೆ ಒದ್ದೆಯಾಗಿದ್ದರೆ ಮೊದಲು ಒಂದು ಹೊದಿಕೆ ಹಾಕಿ, ಆಮೇಲೆ ಮಾತಾಡಿ. ಏನಾಯಿತು ಅಂತ ಅವರಿಗೆ ನೆನಪಿರುವುದಿಲ್ಲ. ದಿನ ಯಾವುದು, ಎಲ್ಲಿದ್ದೀರಿ, ನಾನು ಯಾರು ಅಂತ ಮೆಲ್ಲಗೆ ಹೇಳಿ, ಪ್ರಶ್ನೆಗಳನ್ನು ಆಮೇಲೆ ಕೇಳಿ.

ನಿಮ್ಮ ಬದಲಿಗೆ ಈ ಎಲ್ಲವನ್ನೂ ಮಾಡಬಲ್ಲ ಇನ್ನೊಬ್ಬರನ್ನು ತಯಾರು ಮಾಡಿ: ಮಗಳು, ನಾದಿನಿ, ಪಕ್ಕದ ಮನೆಯವರು, ಯಾರಾದರೂ. ಮೀಟರ್ ಅವರ ಕೈಗೆ ಕೊಟ್ಟು ಎದುರಿಗೇ ಒಮ್ಮೆ ಮಾಡಿಸಿ. ಗ್ಲುಕೋಸ್ ಎಲ್ಲಿದೆ, ಗ್ಲುಕಗಾನ್ ಫ್ರಿಜ್ಜಿನ ಯಾವ ತಟ್ಟೆಯಲ್ಲಿದೆ ತೋರಿಸಿ. ಇಬ್ಬರು ಡಾಕ್ಟರ ನಂಬರು, ಮಾತ್ರೆಗಳ ಹೆಸರು, ಯೂನಿಟ್, ಎಲ್ಲ ಬರೆದ ಒಂದು ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಇನ್ನೊಂದನ್ನು ಅವರ ಪರ್ಸಿಗೆ ಹಾಕಿ. ಆಮೇಲೆ ತವರಿಗೋ, ಸಿನಿಮಾಕ್ಕೋ, ಗೆಳತಿಯ ಮನೆಗೋ ಒಂದು ದಿನ ಹೋಗಿ ಬನ್ನಿ.